ಮೇಡಂ ಕೈಬಿಟ್ಟ ಕೇಸು

ಮೇಡಂ ತೀರಿಹೋದ ಸುದ್ದಿ ಬೆಳಿಗ್ಗೆ ನಮ್ಮ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬೀಳತೊಡಗಿದವು. ಅವುಗಳ ನಡುವೆಯೇ ಯಾರೋ ಪುಣ್ಯಾತ್ಮ ಹೊಸ ಸುತ್ತೋಲೆಯೊಂದನ್ನು ಹಾಕಿದ. ಜನ ಅದಕ್ಕೂ ಅದೇ ಕೈಮುಗಿದ ಚಿತ್ರ ಹಾಕಿದರು. ಹತ್ತು ಗಂಟೆಯ ಹೊತ್ತಿಗೆ ಮೇಡಂ ಮೇಲಕ್ಕೆ ಸರಿದುಹೋಗಿ, ಆ ತಿಂಗಳ ವಸೂಲಿಯ ಮಾತು ಶುರುವಾಗಿತ್ತು. ನಾನೂ ಅಂಗಿ ಹಾಕಿಕೊಂಡು ಕಚೇರಿಗೆ ಹೋದೆ. ಬೇಜಾರು ಮಾಡಿಕೊಳ್ಳುವುದಕ್ಕೂ ರಜೆ ಬೇಕು, ರಜೆ ಇರಲಿಲ್ಲ.

ಚಿತ್ರದುರ್ಗದ ನಮ್ಮ ಕಚೇರಿಯಲ್ಲಿ ಅವರು ತೆರಿಗೆ ಆಡಿಟ್ ವಿಭಾಗದ ಮುಖ್ಯಸ್ಥರಾಗಿದ್ದರು. ನಾವು ಕೆಲವು ಅಧಿಕಾರಿಗಳು ಅವರ ಕೈಕೆಳಗೆ. ನಮ್ಮ ಪಾಲಿಗೆ ಬರುತ್ತಿದ್ದದ್ದು ದೊಡ್ಡ ಕಂಪನಿಗಳು. ಮುಖ್ಯ ಕಚೇರಿ ಎಲ್ಲೋ, ಕಾರ್ಖಾನೆ ಇನ್ನೆಲ್ಲೋ, ಇಲ್ಲಿ ಹಿರಿಯೂರು ಹೆದ್ದಾರಿಯ ಪಕ್ಕ ಒಂದು ತಗಡಿನ ಶೆಡ್ಡು ಮತ್ತು ಒಬ್ಬ ಕಾವಲುಗಾರ. ಆ ಶೆಡ್ಡಿನ ಲೆಕ್ಕ ಕೇಳಿದರೆ ಕಂಪ್ಯೂಟರಿನಲ್ಲಿ ಅರ್ಧ ದೇಶವೇ ಬಂದು ಬೀಳುತ್ತಿತ್ತು.

ಇಲಾಖೆಗೆ ಹೊಸಬರು ಬಂದರೆ ಮೇಡಂ ಅವರಿಗೆ ಪಾಠ ಹೇಳುತ್ತಿದ್ದ ರೀತಿ ನನಗೆ ಇಷ್ಟ. ಅವರ ತವರು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಮನೆತನ ಕುರಿ ಸಾಕುವವರದು. "ನೋಡಪ್ಪ, ನಮ್ಮಪ್ಪನ ಕುರಿ ಹಿರಿಯೂರು ಕಡೆ ಮೇಯ್ತಿದ್ರೂ ನಮ್ಮಪ್ಪಂದೇ, ಆಂಧ್ರದ ಕಡೆ ಮೇಯ್ತಿದ್ರೂ ನಮ್ಮಪ್ಪಂದೇ. ಆದ್ರೆ ಈ ಕಾನೂನು ಏನ್ ಹೇಳ್ತೈತೆ ಅಂದ್ರೆ, ರಾಜ್ಯದ ಗಡಿ ದಾಟಿದ್ ಕೂಡ್ಲೇ ಆ ಕುರಿ ಬೇರೆಯವಂದು ಅಂತ ಲೆಕ್ಕ. ಒಬ್ನೇ ಅಪ್ಪ ತಾನೇ ಮಾರಿ ತಾನೇ ಕೊಂಡ್ಕಂಡಂಗೆ. ಅದಕ್ಕೆ ತೆರಿಗೆ ಕಟ್ಬೇಕು. ಕುರಿನ ಡಾಕ್ಟ್ರ ಹತ್ರ ಕರ್ಕಂಡೋಗಿ ವಾಪಸ್ ತಂದ್ರೆ ಮಾತ್ರ ಕಟ್ಟಂಗಿಲ್ಲ. ಅರ್ಥ ಆಯ್ತಾ?" ತರಬೇತಿ ಕೇಂದ್ರದಲ್ಲಿ ವಾರಗಟ್ಟಲೆ ಕುಳಿತು ಆಕಳಿಸಿ ಬಂದವರಿಗೂ ಇದು ಅರ್ಥವಾಗುತ್ತಿತ್ತು.

ಹಾಗಂತ ಅವರು ಸದಾ ಹೀಗೆ ಸರಸವಾಗಿ ಮಾತಾಡುತ್ತಿದ್ದರು ಎಂದುಕೊಳ್ಳಬೇಡಿ. ಸಿಡುಕಿನ ಹೆಂಗಸು. ಸರ್ವರ್ ನಿಧಾನವಾದರೆ ನಮ್ಮನ್ನು ಬಯ್ಯುತ್ತಿದ್ದರು, ಫ್ಯಾನು ನಿಂತರೆ ನಮ್ಮನ್ನು ಬಯ್ಯುತ್ತಿದ್ದರು. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ತಪ್ಪಿಲ್ಲದ ವರದಿಯನ್ನು ಓದಿ ಮುಗಿಸಿ "ಆಯ್ತು ಬಿಡು" ಎನ್ನುತ್ತಿದ್ದರು. ಬೆಂಗಳೂರಿನವರ ವಿಡಿಯೋ ಮೀಟಿಂಗ್ ಶುರುವಾದರೆ ಕ್ಯಾಮೆರಾ ಮುಚ್ಚಿ, "ಸರ್, ಇಲ್ಲಿ ನೆಟ್‌ವರ್ಕ್ ಸ್ವಲ್ಪ ವೀಕ್" ಎಂದು ಹೇಳಿ, ಮೇಜಿನ ಕೆಳಗಿಂದ ಚೀಲ ತೆಗೆದು ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು. ಅತ್ತ ಯಾವ ಜಿಲ್ಲೆ ಎಷ್ಟು ಹಿಂದೆ ಬಿದ್ದಿದೆ ಎಂಬ ಪಟ್ಟಿ ಓದುತ್ತಿದ್ದರೆ ಇತ್ತ ರಾತ್ರಿಯ ಸಾರಿಗೆ ಕಾಳು ತಯಾರಾಗುತ್ತಿತ್ತು. ಕೂದಲಿಗೆ ಕಡತದ ಕಟ್ಟಿನ ರಬ್ಬರ್ ಬ್ಯಾಂಡ್. ಜೀಪಿನಲ್ಲಿ ಮುಂದಿನ ಸೀಟು, ಚಪ್ಪಲಿ ಬಿಚ್ಚಿ ಕಾಲು ಮಡಚಿ ಕುಳಿತರೆ ಐಮಂಗಲ ದಾಟುವುದರೊಳಗೆ ಬಾಯಿ ತೆರೆದು ನಿದ್ದೆ. ಎಚ್ಚರವಾದಾಗ ಮೊದಲ ಮಾತು, "ಸಾಕಾಗೈತೆ ಕಣಪ್ಪ."

ಆಡಿಟ್‌ಗೆ ಹೋದ ಕಡೆ ಕಂಪನಿಯವರ ಕಾಫಿ ಕುಡಿಯುವಂತಿರಲಿಲ್ಲ. ಇದು ಅವರ ಕಟ್ಟಪ್ಪಣೆ. ಎಲ್ಲರೂ ಬುತ್ತಿ ತರಬೇಕು, ನೀರೂ ತರಬೇಕು. ಕಂಪನಿಯವರು ಗೋಡಂಬಿ, ಬಿಸ್ಕತ್ತು ಜೋಡಿಸಿದ ತಟ್ಟೆಯನ್ನು ಮುಂದೆ ತಂದಿಟ್ಟರೆ, ಮೇಡಂ ತಮ್ಮ ವ್ಯಾನಿಟಿ ಬ್ಯಾಗಿನಿಂದ ಒಣಕೊಬ್ಬರಿ ಮತ್ತು ಬೆಲ್ಲ ತೆಗೆದು ನಮಗೆಲ್ಲ ಹಂಚುತ್ತಿದ್ದರು. ಕಂಪನಿಯ ಮ್ಯಾನೇಜರಿಗೂ ಒಂದು ಚೂರು. ಆತ ಟೈ ಕಟ್ಟಿಕೊಂಡು ಕೊಬ್ಬರಿ ಅಗಿಯುತ್ತಿದ್ದ. ಒಮ್ಮೆ ನಾನು ಕೇಳಿದ್ದೆ, "ಒಂದು ಕಾಫಿಗೆ ಏನಾಗುತ್ತೆ ಮೇಡಂ?" ಎಂದು.

"ಏನೂ ಆಗಲ್ಲ. ಅವರ ಕಾಫಿ ಕುಡ್ದು ಅವರಿಗೇ ನೋಟಿಸ್ ಕೊಡೋಕೆ ನಂಗೆ ಮುಜುಗರ ಅಷ್ಟೇ."

ಮಧ್ಯಾಹ್ನ ಮಾರಿಕಣಿವೆ ಕಡೆಯ ರಸ್ತೆಯಲ್ಲಿ ಯಾವುದಾದರೂ ಮರದ ಕೆಳಗೆ ಜೀಪು ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದೆವು. ಮೇಡಂ ಮನೆಯ ಬುತ್ತಿ ಕಟ್ಟುತ್ತಿದ್ದವರು ಅವರ ಯಜಮಾನರು. ಹೊಸದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೇಡಂ ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. "ನಮ್ಮ ಮೇಷ್ಟ್ರು ಇವತ್ತು ಉಪ್ಪು ಮರ್ತವ್ರೆ" ಎಂದು ಗೊಣಗುತ್ತ ಮೇಡಂ ಎಲ್ಲವನ್ನೂ ತಿಂದು ಮುಗಿಸುತ್ತಿದ್ದರು. ಕಚೇರಿಯ ಸಂಗತಿ ಮನೆಗೆ ಒಯ್ಯುವುದಿಲ್ಲ ಎಂಬುದು ಅವರ ಇನ್ನೊಂದು ಕಟ್ಟಪ್ಪಣೆ. ಅದನ್ನು ಅವರು ತಮಗೇ ವಿಧಿಸಿಕೊಂಡಿದ್ದರು.

ಈಗ ಆ ಕೇಸಿನ ಮಾತಿಗೆ ಬರುತ್ತೇನೆ. ಬರಲೇಬೇಕು, ಏಕೆಂದರೆ ಮೇಡಂ ಎಂದರೆ ಜನರಿಗೆ ನೆನಪಿರುವುದು ಅದೊಂದೇ.

ನಮ್ಮ ಸುತ್ತಿನ ಗುಡ್ಡಗಳ ಮೇಲೆಲ್ಲ ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳಿವೆ. ಊರ ಜನ ಅವನ್ನು ಫ್ಯಾನು ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ. ಅಂಥ ಒಂದು ಕಂಪನಿ, ಅನೇಕ ರಾಜ್ಯಗಳಲ್ಲಿ ವ್ಯವಹಾರ, ಐಮಂಗಲದ ಹತ್ತಿರ ಯಾರ್ಡು. ಆ ಯಾರ್ಡಿನಿಂದ ಫ್ಯಾನಿನ ಗೇರ್‌ಬಾಕ್ಸುಗಳು ರಿಪೇರಿಗೆಂದು ಹೊರರಾಜ್ಯದ ತಮ್ಮದೇ ಕಾರ್ಖಾನೆಗೆ ಹೋಗಿದ್ದವು. ರಿಪೇರಿಗೆ ಎಂದಮೇಲೆ ತೆರಿಗೆ ಇಲ್ಲ. ಆದರೆ ಅವು ವಾಪಸ್ ಬಂದ ಗುರುತು ಯಾರ್ಡಿನಲ್ಲಿ ಎಲ್ಲೂ ಇರಲಿಲ್ಲ. ಇದನ್ನು ಹಿಡಿದವನು ನನ್ನ ಸಹೋದ್ಯೋಗಿ ರುದ್ರೇಶ. ದಪ್ಪ ಮೀಸೆ, ದಪ್ಪ ಹೊಟ್ಟೆ, ಕರಡು ಬರೆಯುವುದರಲ್ಲಿ ತನ್ನ ಸಮಾನ ಇಲ್ಲವೆಂಬ ಹೆಮ್ಮೆ. ರಿಪೇರಿಯ ಹೆಸರಿನಲ್ಲಿ ಸರಕನ್ನು ಸಾಗಿಸಿಬಿಟ್ಟಿದ್ದಾರೆ, ಇದು ತೆರಿಗೆ ತಪ್ಪಿಸಿದ್ದು ಎಂದು ಭಾರಿ ಕರಡೊಂದನ್ನು ಬರೆದ. ಅದೇ ನೋಟಿಸಾಗಿ ಕಂಪನಿಗೆ ಹೋಯಿತು. ಮೊತ್ತ ದೊಡ್ಡದಿತ್ತು. ಮೇಲಿನ ಸಾಹೇಬರು ಅದನ್ನು ಬೆಂಗಳೂರಿಗೆ ನಮ್ಮ ಸಾಧನೆ ಎಂದು ಹೇಳಿಯೂ ಬಿಟ್ಟರು. ರುದ್ರೇಶನಿಗೆ ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು.

ಕಂಪನಿಯ ಉತ್ತರ ಬಂತು. ಅವರ ಸಲಹೆಗಾರರು ಎಲ್ಲೋ ದೂರದ ನಗರದಲ್ಲಿ ಕುಳಿತು ಬರೆದದ್ದು. ತಲೆದಿಂಬಿನಷ್ಟು ದಪ್ಪ. ಅದರಲ್ಲಿ ಕೋರ್ಟು ತೀರ್ಪುಗಳಿದ್ದವು, ಕಲಮುಗಳಿದ್ದವು, ನಮ್ಮ ನೋಟಿಸೇ ಊರ್ಜಿತವಲ್ಲ ಎಂಬ ವಾದವಿತ್ತು. ಗೇರ್‌ಬಾಕ್ಸು ಎಲ್ಲಿದೆ ಎಂಬುದು ಮಾತ್ರ ಇರಲಿಲ್ಲ. ಬರೆದವರು ಈ ಗುಡ್ಡ ಕಂಡಿರಲಿಕ್ಕಿಲ್ಲ.

ಒಂದು ಸೋಮವಾರ ಮೇಡಂ ಊರಿಂದ ಬಂದವರೇ ರುದ್ರೇಶನನ್ನು ಕರೆದರು. ನಾನೂ ಅಲ್ಲೇ ಇದ್ದೆ.

"ಏನಪ್ಪ, ಗೇರ್‌ಬಾಕ್ಸ್ ಇಲ್ದೆ ಫ್ಯಾನು ತಿರುಗುತ್ತಾ?"

"ಇಲ್ಲ ಮೇಡಂ."

"ಮತ್ತೆ ಬೆಳಿಗ್ಗೆ ಬಸ್ಸಿಂದ ನೋಡ್ದೆ. ಹೊಳಲ್ಕೆರೆ ಕಡೆ ಗುಡ್ಡದಾಗೆ ಅವ್ರ ಫ್ಯಾನು ಎಲ್ಲಾ ತಿರುಗ್ತಾ ಅವೆ. ಹೋದವು ವಾಪಸ್ ಬರ್ಲಿಲ್ಲ ಅಂತ ನೀನು ಬರ್ದಿದೀಯ. ಅವು ಹೆಂಗೆ ತಿರುಗ್ತಾ ಅವೆ?"

ರುದ್ರೇಶ ಮೀಸೆ ಸವರಿಕೊಂಡ. "ಹೊಸವು ತಂದು ಹಾಕಿರ್ತಾರೆ ಮೇಡಂ."

"ಹಾಕಿರ್ತಾರೆ ಅಂತ ಓದಿದ್ಯಾ, ನೋಡಿದ್ಯಾ?"

ಇದು ಅವರ ಹಳೆಯ ಪ್ರಶ್ನೆ. ನಮ್ಮಲ್ಲಿ ಬಹಳ ಜನಕ್ಕೆ ಇದರ ಮೇಲೆ ಸಿಟ್ಟಿತ್ತು. ನಮ್ಮ ಕೆಲಸ ಕುಳಿತು ಮಾಡುವ ಕೆಲಸ. ಪರದೆಯ ಮೇಲೆ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಮೇಡಂ ಮಾತ್ರ ಸಿಮೆಂಟು ಎಂದರೆ ಸಿಮೆಂಟಿನ ಹತ್ತಿರ, ಕಬ್ಬಿಣ ಎಂದರೆ ಕಬ್ಬಿಣದ ಹತ್ತಿರ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಮರುದಿನ ಗುಡ್ಡಕ್ಕೆ ಹೋದೆವು. ಜೀಪು ಅರ್ಧ ದಾರಿಯಲ್ಲಿ ಬಿಸಿಯಾಗಿ ನಿಂತಿತು, ಉಳಿದ ದಾರಿ ನಡೆದೆವು. ಮೇಡಂಗೆ ಮಂಡಿನೋವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಇಲಾಖೆಯನ್ನೂ ಕಂಪನಿಯನ್ನೂ ರುದ್ರೇಶನ ಕರಡನ್ನೂ ಸರದಿಯಂತೆ ಶಪಿಸುತ್ತ ಹತ್ತಿದರು. ಮೇಲೆ ಹೋದಮೇಲೆ ತಿಳಿಯಿತು, ಗೇರ್‌ಬಾಕ್ಸಿನ ನಂಬರ್ ತಗಡು ಇರುವುದು ಕಂಬದ ತುದಿಯಲ್ಲಿ. ಕಂಬದ ಒಳಗೆ ಏಣಿ. ತಲೆಯೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರ.

"ಬರ್ದೋನು ನೀನು, ಹತ್ತೋನೂ ನೀನೇ" ಎಂದರು ಮೇಡಂ. ಕಂಪನಿಯ ಮೆಕ್ಯಾನಿಕ್ ಸುರಕ್ಷತೆಯ ಬೆಲ್ಟನ್ನು ರುದ್ರೇಶನಿಗೆ ತೊಡಿಸಲು ಎಷ್ಟು ಎಳೆದರೂ ಹೊಟ್ಟೆಯ ಮೇಲೆ ಅದು ಕೂಡಲಿಲ್ಲ. ರುದ್ರೇಶನ ಮುಖದಲ್ಲಿ ದೇವರು ಪ್ರತ್ಯಕ್ಷನಾದ ಸಂತೋಷ. ಮೇಡಂ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಸಣಕಲ.

ಹತ್ತಿದೆ. ಹೇಗೆ ಹತ್ತಿದೆನೆಂದು ಕೇಳಬೇಡಿ. ಮೆಕ್ಯಾನಿಕ್ ಮುಂದೆ, ನಾನು ಹಿಂದೆ, ಅಲ್ಲಲ್ಲಿ ಕುಳಿತು, ಮನೆದೇವರನ್ನು ನೆನೆದು. ಕೆಳಗಿನಿಂದ "ಹುಷಾರಪ್ಪಾ, ಕೆಳಗೆ ನೋಡಬ್ಯಾಡ" ಎಂಬ ಮೇಡಂ ಕೂಗು ಕಂಬದೊಳಗೆ ಗುಂಯ್‌ಗುಟ್ಟುತ್ತಿತ್ತು. ತುದಿಯಲ್ಲಿ ಗ್ರೀಸು ಮೆತ್ತಿದ ತಗಡನ್ನು ಕರ್ಚೀಫಿನಿಂದ ಒರೆಸಿ ನೋಡಿದೆ. ರಿಪೇರಿಗೆ ಹೋದ ಗೇರ್‌ಬಾಕ್ಸಿನದೇ ನಂಬರ್. ಫೋಟೋ ತೆಗೆದೆ. ಉಳಿದ ಕಂಬಗಳನ್ನು ಮುಂದಿನ ವಾರ ಬೇರೆಯವರು ಹತ್ತಿ ನೋಡಿದರು, ಅಲ್ಲೂ ಹಾಗೇ. ಆಗಿದ್ದಿಷ್ಟೇ: ಆ ಭಾರದ ವಸ್ತುವನ್ನು ಯಾರ್ಡಿಗೆ ತಂದು ಇಳಿಸಿ, ಮತ್ತೆ ಏರಿಸಿ ಗುಡ್ಡಕ್ಕೆ ಒಯ್ಯುವ ಗೋಜು ಬೇಡವೆಂದು ಉದ್ದನೆಯ ಲಾರಿಗಳು ಕಾರ್ಖಾನೆಯಿಂದ ನೇರವಾಗಿ ಗುಡ್ಡಕ್ಕೇ ಹೋಗಿದ್ದವು. ನಾವು ಯಾರ್ಡಿನ ಗೇಟಿನಲ್ಲಿ ಹುಡುಕುತ್ತಿದ್ದೆವು.

ಇಳಿದು ಬಂದೆ. ಮೇಡಂ ಕೊಬ್ಬರಿ ಬೆಲ್ಲ ಕೈಗೆ ಹಾಕಿ, ಫೋನಿನ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಆಯ್ತು ಬಿಡು" ಎಂದರು. ಆದರೆ ಅವರ ಮುಖ ಇಳಿದುಹೋಗಿತ್ತು. ಅದು ಏಕೆಂದು ಜೀಪಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ತಪ್ಪು ತೆರಿಗೆ ಹಾಕಿದವನಿಗೆ ಏನೂ ಆಗುವುದಿಲ್ಲ. ಕಂಪನಿ ಅಪೀಲಿಗೆ ಹೋಗುತ್ತದೆ, ವರ್ಷಗಳ ಮೇಲೆ ಗೆಲ್ಲುತ್ತದೆ, ಅಷ್ಟರಲ್ಲಿ ಹಾಕಿದವನು ವರ್ಗವಾಗಿಯೋ ನಿವೃತ್ತನಾಗಿಯೋ ಹೋಗಿರುತ್ತಾನೆ. ಹಾಕಹೊರಟ ತೆರಿಗೆಯನ್ನು ಕೈಬಿಟ್ಟವನನ್ನು ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಯಾಕೆ ಬಿಟ್ಟ? ಏನು ಸಿಕ್ಕಿತು? ಹೀಗಾಗಿ ತಪ್ಪೆಂದು ಗೊತ್ತಿದ್ದೂ ಆದೇಶ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ಮಂದಿಯ ರೂಢಿ. ಅದನ್ನು ಯಾರೂ ಕಲಿಸುವುದಿಲ್ಲ, ತಾನಾಗಿ ಬರುತ್ತದೆ.

ಮೇಲಿನ ಸಾಹೇಬರು ಫೋನು ಮಾಡಿದರು. ಕೆಟ್ಟವರಲ್ಲ, ಕಾಳಜಿಯಿಂದಲೇ ಮಾತಾಡಿದರು. "ಮೇಡಂ, ಆರ್ಡರ್ ಮಾಡ್ಬಿಡಿ. ಅವರು ಅಪೀಲಲ್ಲಿ ನೋಡ್ಕೋತಾರೆ. ನಿಮ್ಮ ರಿಟೈರ್‌ಮೆಂಟು ಹತ್ರ ಇದೆ. ಈಗ ಡ್ರಾಪ್ ಮಾಡಿದ್ರೆ ನಿಮ್ಮ ಮೇಲೇ ಬರುತ್ತೆ."

"ಯೋಚ್ನೆ ಮಾಡ್ತೀನಿ ಸರ್" ಎಂದು ಮೇಡಂ ಫೋನಿಟ್ಟರು. ಆಮೇಲೆ ನನ್ನತ್ತ ನೋಡಿ, "ಬಾಗ್ಲು ಹಾಕು" ಎಂದರು. ಹಾಕಿ ಬಂದೆ.

"ಭಯ ಆಗ್ತೈತೆ ಕಣಪ್ಪ. ಇಷ್ಟು ವರ್ಷ ನನ್ನ ಮೇಲೆ ಒಂದು ಮಾತೂ ಬರದಂಗೆ ನಡ್ಕಂಡು ಬಂದಿದೀನಿ."

"ಸಾಹೇಬ್ರು ಹೇಳಿದಂಗೆ ಮಾಡಿ ಮೇಡಂ. ಕಂಪನಿಗೇನು ಕಷ್ಟ? ಅವರ ಹತ್ರ ವಕೀಲರ ದಂಡೇ ಐತೆ."

"ಕಂಪನಿ ಮೇಲೆ ನಂಗೇನು ಪ್ರೀತಿನಾ? ಬೇರೆ ಲೆಕ್ಕದಾಗೆ ಅವ್ರಿಂದ ಕಕ್ಕಿಸಿಲ್ವಾ ನಾನು?" ಕೂದಲಿನ ರಬ್ಬರ್ ಬ್ಯಾಂಡ್ ಬಿಚ್ಚಿ ಮತ್ತೆ ಹಾಕಿಕೊಂಡರು. "ಆದ್ರೆ ಈ ತೆರಿಗೆ ಇಲ್ಲ ಅಂತ ನಂಗೆ ಗೊತ್ತು. ನೋಡ್ಕಂಡು ಬಂದಿದೀವಿ. ಗೊತ್ತಿದ್ದೂ ಐತೆ ಅಂತ ಹೆಂಗೆ ಸಹಿ ಹಾಕ್ಲಿ?"

ಒಂದು ವಾರ ಅವರು ಯಾರನ್ನೂ ಬಯ್ಯಲಿಲ್ಲ. ಅದೇ ನಮಗೆ ಹೆದರಿಕೆಯಾಯಿತು. ಆಮೇಲೆ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು, ಕೈ ಒರೆಸಿಕೊಂಡು, ಆ ಕೇಸನ್ನು ಕೈಬಿಟ್ಟ ಆದೇಶಕ್ಕೆ ಸಹಿ ಹಾಕಿದರು. ಕರಡು ಯಾರದೆಂದು ಅದರಲ್ಲಿ ಒಂದಕ್ಷರ ಇರಲಿಲ್ಲ. "ನನ್ನ ಕೈಕೆಳಗೆ ಆಗಿದ್ದು, ನಂದೇ" ಎಂದರು. ರುದ್ರೇಶ ಆ ಸಂಜೆ ಅವರ ಕೊಠಡಿಯ ಬಾಗಿಲ ತನಕ ಹೋಗಿ, ಒಳಗೆ ಹೋಗಲಾರದೆ ವಾಪಸ್ ಬಂದ.

ಆದದ್ದು ಎಲ್ಲರೂ ಹೇಳಿದಂತೆಯೇ. ಹೆಸರಿಲ್ಲದ ದೂರು ಹೋಯಿತು. ವಿಚಾರಣೆ ಬಂತು. ಕಚೇರಿಯ ಕ್ಯಾಂಟೀನಿನಲ್ಲಿ ಮೇಡಂ ಬಂದರೆ ಮಾತು ನಿಲ್ಲುತ್ತಿತ್ತು. ಹೊಸದುರ್ಗದಲ್ಲಿ ಅವರ ಮನೆಯ ಮಹಡಿಗೆ ಹೊಸ ಬಣ್ಣ ಬಳಿಸಿದರೆ ಅದೂ ಆ ಕಂಪನಿಯದೇ ಬಣ್ಣವಾಯಿತು. ಕಂಪನಿಯವರ ಕಾಫಿಯನ್ನೂ ಮುಟ್ಟದವರ ಮೇಲೆ ಹೀಗೆ ಮಾತು ಬಂದರೆ, ಬಾಚಿಕೊಂಡವರು ಮುಂದೆ ನಿಂತು ತಲೆಯಾಡಿಸುತ್ತಾರೆ. ನಾನು, ರುದ್ರೇಶ ಇಬ್ಬರೂ ಹೋಗಿ ಗುಡ್ಡದಲ್ಲಿ ಕಂಡದ್ದರ ಬಗ್ಗೆ ಹೇಳಿಕೆ ಕೊಟ್ಟೆವು. ವಿಚಾರಣೆಯ ಅಧಿಕಾರಿ ಬರೆದುಕೊಂಡರು. ಕಂಬ ಹತ್ತಿ ನೋಡಿಬನ್ನಿ ಎಂದರೆ ನಕ್ಕರು.

ಅವರ ನಿವೃತ್ತಿಯ ದಿನ ಬೀಳ್ಕೊಡುಗೆ ನಡೆಯಿತು, ನಡೆಯಲಿಲ್ಲ ಎನ್ನಲಾರೆ. ಹಾರ ಇತ್ತು, ಶಾಲು ಇತ್ತು. ಬರಬೇಕಾದ ದೊಡ್ಡವರಿಗೆಲ್ಲ ಅಂದೇ ತುರ್ತು ಕೆಲಸ ಬಂದಿತ್ತು. ಮೇಡಂ ಎರಡು ಮಾತಾಡಿ, "ಬರ್ತೀನ್ರಪ್ಪ" ಎಂದು ಹೊಸದುರ್ಗದ ಬಸ್ಸು ಹತ್ತಿದರು. ಪೂರ್ತಿ ಪಿಂಚಣಿ ವಿಚಾರಣೆ ಮುಗಿಯುವ ತನಕ ನಿಂತಿತು. ಅದಕ್ಕೆ ಅವರು ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. ಕೆಡಿಸಿಕೊಂಡದ್ದು ಕೊನೆಗೆ ಬಂದ ಆದೇಶಕ್ಕೆ. ಆರೋಪ ಸಾಬೀತಾಗಿಲ್ಲ ಎಂದು ಅದರಲ್ಲಿತ್ತು. ನಾನು ಖುಷಿಯಿಂದ ಹೊಸದುರ್ಗಕ್ಕೆ ಹೋದೆ. ಮೇಡಂ ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಬಹಳ ಸೊರಗಿದ್ದರು, ಕಾಯಿಲೆ ಆಗಲೇ ಹಿಡಿದಿತ್ತು.

"ಬಾ, ಕುಂತ್ಕ" ಎಂದರು. "ಸಾಬೀತಾಗಿಲ್ಲ ಅಂತ ಬರ್ದವ್ರೆ. ಸುಳ್ಳು ಅಂತ ಬರೀಲಿಲ್ಲ ನೋಡು. ಅಂದ್ರೆ ತಿಂದಿರ್ಬೋದು, ಸಿಕ್ಕಿಬೀಳ್ಲಿಲ್ಲ, ಅಷ್ಟೇ ಅಲ್ವಾ?"

ಅಪೀಲು ಹಾಕಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಅಪೀಲಿನ ಗತಿ ನಮಗಿಬ್ಬರಿಗೂ ಗೊತ್ತಿತ್ತು. ಅದೇ ನಾನು ಅವರನ್ನು ಕೊನೆಯ ಸಲ ಕಂಡದ್ದು.

ಸುದ್ದಿ ಬಂದ ದಿನ ರಜೆ ಸಿಗಲಿಲ್ಲ ಎಂದೆನಲ್ಲ, ಭಾನುವಾರ ಹೋದೆ. ಮೇಷ್ಟ್ರು ಜಗಲಿಯಲ್ಲಿ ಕುಳಿತಿದ್ದರು, ದಾವಣಗೆರೆಯಿಂದ ಬಂದ ಮಗಳು ಒಳಗೆ ನೆಂಟರ ಜೊತೆ ಇದ್ದಳು. ನಾನು ಎದ್ದಾಗ, ಬೇಡವೆಂದರೂ ಕೇಳದೆ ಮೇಷ್ಟ್ರು ನನ್ನ ಜೊತೆ ಬಸ್ ಸ್ಟ್ಯಾಂಡಿನ ತನಕ ಬಂದರು. ಸಂತೆಯ ಬೀದಿ ದಾಟಿ ತಾಲ್ಲೂಕು ಆಫೀಸಿನ ಹತ್ತಿರ ಬಂದಾಗ ನಿಂತರು.

"ನಿಮ್ಮನ್ನ ಒಂದು ಕೇಳ್ಬೇಕು. ತಪ್ಪು ತಿಳೀಬ್ಯಾಡ್ರಿ."

"ಕೇಳ್ರಿ ಮೇಷ್ಟ್ರೇ."

"ಆ ಫ್ಯಾನಿನ ಕಂಪನಿದು." ಆಚೀಚೆ ನೋಡಿ ದನಿ ತಗ್ಗಿಸಿದರು. "ನೀವು ಜೊತೆಗಿದ್ರಿ. ಅವ್ಳು ಏನಾದ್ರೂ ಇಸ್ಕಂಡಿದ್ಲಾ?"

ಊರವರು ಕೇಳಿದ್ದರು, ಇಲಾಖೆಯವರು ಕೇಳಿದ್ದರು. ಸಿಟ್ಟು ಬಂದಿತ್ತು, ಬಯ್ದಿದ್ದೆ. ಈ ಮನುಷ್ಯನ ಮೇಲೆ ಸಿಟ್ಟೂ ಬರಲಿಲ್ಲ. ದುಃಖ ಮಾತ್ರ ಬಂತು. "ಇಲ್ಲ ಮೇಷ್ಟ್ರೇ, ಒಂದು ಲೋಟ ನೀರೂ ಇಸ್ಕೊಂಡಿಲ್ಲ" ಎಂದೆ. ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಮೊದಲಿಂದ ಕೊನೆಯ ತನಕ ಹೇಳಿದೆ: ಗೇರ್‌ಬಾಕ್ಸು, ಗುಡ್ಡ, ಏಣಿ, ಫೋನು, ಸಹಿ. ಅವರು ಟವೆಲಿನಿಂದ ಮುಖ ಒರೆಸುತ್ತ ಕೇಳಿದರು. ನಡೆದ ಸಂಗತಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

"ಕೇಳಾಣ ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು" ಎಂದರು. "ಹೌದು ಅಂದುಬಿಟ್ರೆ ಏನ್ ಮಾಡ್ಲಿ ಅಂತ ಸುಮ್ಕಿದ್ದೆ. ಕೇಳ್ದಂಗೇ ಕಳಿಸ್ಬಿಟ್ಟೆ."

ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವರು ತೋಳು ಹಿಡಿದರು.

"ನನ್ನ ಬಗ್ಗೆ ಅವ್ಳು ಏನಾದ್ರೂ ಅಂದಿದ್ಲಾ?"

ಅಂದಿದ್ದರು. ಹಿಂದಿನ ಸಲ ನನ್ನನ್ನು ಗೇಟಿನ ತನಕ ಕಳಿಸಲು ಬಂದು, ಕಂಬಿ ಹಿಡಿದು ನಿಂತು ಮೇಡಂ ಹೇಳಿದ್ದರು: "ಊರೋರು ಏನಾದ್ರೂ ಅಂದ್ಕಳ್ಳಿ ಕಣಪ್ಪ. ನಮ್ಮ ಮೇಷ್ಟ್ರು ಒಂದು ದಿನಾನೂ ನನ್ನ ಕೇಳ್ಲಿಲ್ಲ. ಅವ್ರಿಗೆ ಕೇಳೋದೇ ಬೇಕಾಗ್ಲಿಲ್ಲ. ನಂಗೆ ಅಷ್ಟು ಸಾಕು."

ಕಂಡಕ್ಟರು ಸೀಟಿ ಊದಿದ. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು.

"ನೀವು ಕಟ್ಟೋ ಬುತ್ತಿ ಚೆನ್ನಾಗಿರುತ್ತೆ ಅಂತಿದ್ರು ಮೇಷ್ಟ್ರೇ" ಎಂದು ಹೇಳಿ ಒಳಗೆ ಹೋದೆ.